‘ನಾವು’ ಅಂದರೆ ಯಾರೆಲ್ಲ?

ಕಳೆದ ವರ್ಷ ಪದವಿ ತರಗತಿಯ ಹತ್ತು ಹನ್ನೆರಡು ಮಕ್ಕಳ ಜೊತೆ ಶನಿವಾರ ಮಧ್ಯಾಹ್ನ ಕೂತು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದುತ್ತಿದ್ದೆ. ಪಠ್ಯವಲ್ಲ, ಪರೀಕ್ಷೆಯಿಲ್ಲ, ಹಾಗಾಗಿ ಮಾತು ಸಲೀಸಾಗಿತ್ತು. ಮೂರನೆಯ ವಾರ ಒಬ್ಬ ಹುಡುಗ ಪುಸ್ತಕ ಮಡಚಿ ಕೇಳಿದ: “ಸರ್, ಇದ್ರಲ್ಲಿ ಕತೆ ಎಲ್ಲಿದೆ? ಒಂದು ಮನೆ, ಅಪ್ಪ, ಅಮ್ಮ, ಚಿಕ್ಕಪ್ಪ, ಅಕ್ಕ. ತಿಂಡಿ, ಕಾಫಿ, ಜಗಳ. ನಮ್ಮನೇಲೂ ಹೀಗೇ ಅಲ್ವಾ?” ಉಳಿದವರು ನಕ್ಕರು. ಅವನು ದೂರು ಹೇಳಿದ್ದ. ನನಗೆ ಮಾತ್ರ ಅದು ಆ ಕೃತಿಯ ಬಗ್ಗೆ ಆಡಬಹುದಾದ ಅತ್ಯಂತ ಖಚಿತವಾದ ಮಾತಾಗಿ ಕೇಳಿಸಿತು. ನಮ್ಮ ಮನೆಯಲ್ಲೂ ಹೀಗೇ ಅನ್ನಿಸುವುದು ಆ ಕತೆಯ ಗುಣವೂ ಹೌದು, ಅದು ಓದುಗನಿಗೆ ಒಡ್ಡುವ ಅಪಾಯವೂ ಹೌದು. ಆ ಅಪಾಯ ಏನು ಎನ್ನುವುದನ್ನು ಬಿಡಿಸಿಕೊಳ್ಳಲು ಈ ಬರಹ.

2013ರಲ್ಲಿ ಕನ್ನಡದಲ್ಲಿ ಪ್ರಕಟವಾದ ಈ ನೀಳ್ಗತೆ ಎರಡು ವರ್ಷಗಳ ನಂತರ ಶ್ರೀನಾಥ್ ಪೆರೂರ್ ಅವರ ಅನುವಾದದಲ್ಲಿ ಇಂಗ್ಲಿಷಿಗೆ ಹೋಯಿತು. ಅಲ್ಲಿಂದ ಹೊರದೇಶಗಳ ಓದುಗರನ್ನೂ ತಲುಪಿತು. ಕತೆ ಬೆಂಗಳೂರಿನ ಒಂದು ಕುಟುಂಬದ್ದು. ಮಾರಾಟ ಪ್ರತಿನಿಧಿಯಾಗಿದ್ದ ಅಪ್ಪನ ಸಂಬಳದಲ್ಲಿ ಪುಟ್ಟ ಬಾಡಿಗೆ ಮನೆಯಲ್ಲಿ ಬದುಕುತ್ತಿದ್ದ ಐದು ಜನ, ಚಿಕ್ಕಪ್ಪ ‘ಸೋನಾ ಮಸಾಲಾ’ ಎಂಬ ವ್ಯಾಪಾರ ಶುರುಮಾಡಿದ ಮೇಲೆ ಏಕಾಏಕಿ ಹಣವಂತರಾಗುತ್ತಾರೆ. ಹೆಸರಿಲ್ಲದ ನಿರೂಪಕ ಮನೆಯ ಮಗ. ಅವನು ಕಂಪನಿಯ ನಿರ್ದೇಶಕ, ಸಂಬಳ ಬರುತ್ತದೆ, ಕೆಲಸವಿಲ್ಲ. ದಿನವೂ ಕಾಫಿ ಹೌಸಿನಲ್ಲಿ ಕೂರುತ್ತಾನೆ. ಹೈದರಾಬಾದಿನಿಂದ ಮದುವೆಯಾಗಿ ಬಂದ ಅನಿತಾ ಈ ಮನೆಯ ರೀತಿನೀತಿಗಳನ್ನು ಪ್ರಶ್ನಿಸುತ್ತಾಳೆ. ಕತೆಯ ಕೊನೆಗೆ ಊರಿಗೆ ಹೋದ ಅನಿತಾ ಇನ್ನೂ ಮರಳಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಕತೆ ಬಾಯಿಬಿಟ್ಟು ಹೇಳುವುದಿಲ್ಲ. ಓದುಗನ ಹೊಟ್ಟೆಯಲ್ಲಿ ಮಾತ್ರ ಏನೋ ತಣ್ಣಗಾಗುತ್ತದೆ.

ಈ ಕತೆಯ ಬಗ್ಗೆ ಹೆಚ್ಚಾಗಿ ಕೇಳಿಬರುವ ಓದು ಒಂದಿದೆ. ಬಡತನದಲ್ಲಿ ಒಗ್ಗಟ್ಟಾಗಿದ್ದ, ಮೌಲ್ಯವಂತವಾಗಿದ್ದ ಕುಟುಂಬವೊಂದು ಹಣ ಬಂದ ಮೇಲೆ ಕೆಟ್ಟಿತು. ಜಾಗತೀಕರಣದ ನಂತರದ ಬೆಂಗಳೂರಿನ ಮಧ್ಯಮ ವರ್ಗದ ನೈತಿಕ ಕುಸಿತದ ಕತೆ ಇದು ಎಂಬ ಓದು. ಇದರಲ್ಲಿ ಸುಳ್ಳಿಲ್ಲ. ನಿರೂಪಕನೇ ನಮ್ಮನ್ನು ಆ ಕಡೆ ತಳ್ಳುತ್ತಾನೆ. ಆದರೆ ನಿರೂಪಕ ತಳ್ಳಿದ ಕಡೆಗೇ ಓದುಗ ಹೋಗಬೇಕೆಂದಿಲ್ಲ, ಅದರಲ್ಲೂ ನಿರೂಪಕ ಇಷ್ಟು ಹಾಯಾಗಿ ಕೂತಿರುವಾಗ. ನನ್ನ ವಾದ ಇಷ್ಟು: ಹಣ ಈ ಮನೆಯನ್ನು ಕೆಡಿಸಲಿಲ್ಲ. ಮನೆಯಲ್ಲಿ ಮೊದಲೇ ಇದ್ದ ಒಂದು ಅಭ್ಯಾಸಕ್ಕೆ ಅದು ಕೈಕಾಲು ಕೊಟ್ಟಿತು.

ಹಳೆಯ ಮನೆಯ ಪುಟಗಳನ್ನು ಮತ್ತೆ ತೆರೆಯೋಣ. ಒಂದರ ಹಿಂದೊಂದು ರೈಲು ಡಬ್ಬಿಯಂತೆ ಜೋಡಿಸಿದ ಕೋಣೆಗಳು. ಪ್ರತಿ ಖರ್ಚನ್ನೂ ಎಲ್ಲರೂ ಕೂತು ಚರ್ಚಿಸುವ ಶಿಸ್ತು. ಅಪ್ಪನ ಲೆಕ್ಕ ತಾಳೆಯಾಗದ ದಿನ ಮನೆಮಂದಿಗೆಲ್ಲ ಆತಂಕ. ಇದನ್ನು ಓದುವಾಗ ನನ್ನ ವಯಸ್ಸಿನವರ ಕಣ್ಣು ತುಸು ಒದ್ದೆಯಾಗುತ್ತದೆ. ತಿಂಗಳ ಕೊನೆಯ ವಾರದಲ್ಲಿ ಸಕ್ಕರೆ ಡಬ್ಬಿಯ ತಳ ಕೆರೆದು ಬೆಳೆದವರು ನಾವು. ಆದರೆ ಇದೇ ಮನೆಯಲ್ಲಿ ಇರುವೆಗಳಿವೆ. ಎಲ್ಲಿ ನೋಡಿದರೂ ನುಗ್ಗುವ ಇರುವೆಗಳ ವಿರುದ್ಧ ಕುಟುಂಬ ಯುದ್ಧ ಸಾರುತ್ತದೆ. ಮೊದಲು ಅದು ಆಹಾರ ಉಳಿಸಿಕೊಳ್ಳುವ ಉಪಾಯ. ಬರಬರುತ್ತಾ ಸಿಕ್ಕಸಿಕ್ಕಲ್ಲಿ ಹೊಸಕುವುದರಲ್ಲಿ ಒಂದು ಖುಷಿ ಹುಟ್ಟಿಕೊಳ್ಳುತ್ತದೆ. ಕೊಲ್ಲುವುದು ಅಗತ್ಯವಾಗಿದ್ದದ್ದು ಅಭ್ಯಾಸವಾಗುತ್ತದೆ, ಅಭ್ಯಾಸ ರುಚಿಯಾಗುತ್ತದೆ. ಈ ಹೊತ್ತಿಗೆ ಮನೆಗೆ ಮಸಾಲೆಯ ಹಣ ಇನ್ನೂ ಬಂದಿಲ್ಲ. ಒಗ್ಗಟ್ಟಿನ ಚಿತ್ರವನ್ನೂ ಇರುವೆಯ ಚಿತ್ರವನ್ನೂ ಲೇಖಕರು ಒಂದೇ ಮನೆಯಲ್ಲಿ ಇಟ್ಟಿದ್ದಾರೆ. ಎರಡನ್ನೂ ಒಟ್ಟಿಗೆ ಓದಿದರೆ ತಿಳಿಯುವುದು ಇದು: ಈ ಕುಟುಂಬ ಒಂದಾಗುವುದು ಯಾವುದೋ ಒಂದರ ವಿರುದ್ಧ. ಆಗ ಇರುವೆ, ಈಗ ಮನುಷ್ಯರು.

ಆ ಮನುಷ್ಯರಲ್ಲಿ ಮೊದಲು ಬರುವವಳು ಬಾಗಿಲಿಗೆ ಬಂದ ಒಬ್ಬ ಹೆಂಗಸು. ಚಿಕ್ಕಪ್ಪನಿಗೆ ಇಷ್ಟವೆಂದು ಡಬ್ಬಿಯಲ್ಲಿ ಮಸೂರ ಬೇಳೆಯ ಸಾರು ಮಾಡಿ ತಂದಿದ್ದಾಳೆ. ಅಮ್ಮ ಮತ್ತು ಮಾಲತಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈಯುತ್ತಾರೆ. ಸಾರು ನೆಲದ ಪಾಲಾಗುತ್ತದೆ. ಒಳಗಿರುವ ಚಿಕ್ಕಪ್ಪ ಹೊರಗೆ ಬರುವುದಿಲ್ಲ. ಈ ದೃಶ್ಯದ ಕ್ರೌರ್ಯ ಬೈಗುಳದಲ್ಲಿಲ್ಲ. ಅವಳು ಯಾರು, ಯಾಕೆ ಬಂದಳು ಎಂದು ಆಮೇಲೂ ಮನೆಯಲ್ಲಿ ಯಾರೂ ಕೇಳದೆ ಇರುವುದರಲ್ಲಿದೆ. ಕೇಳುವವಳು ಅನಿತಾ ಒಬ್ಬಳೇ. ಕೇಳಿದ ಕ್ಷಣಕ್ಕೆ ಅವಳು ಬಾಗಿಲಾಚೆಯ ಹೆಂಗಸಿನ ಪಕ್ಕ ನಿಂತಂತಾಗುತ್ತದೆ. ಮನೆಯ ಊಟ, ಸೀರೆ, ಕೋಣೆ ಎಲ್ಲ ಅವಳಿಗೆ ಸಿಗುತ್ತವೆ. ಮನೆಯ ‘ನಾವು’ ಮಾತ್ರ ಸಿಗುವುದಿಲ್ಲ.

ಇಲ್ಲಿ ಆ ತರಗತಿಯ ಇನ್ನೊಂದು ಮಾತು ನೆನಪಿಸಿಕೊಳ್ಳಬೇಕು. ಪುತ್ತೂರು ಕಡೆಯ, ಮನೆಯಲ್ಲಿ ತುಳು ಆಡುವ ಹುಡುಗಿ ಅಷ್ಟು ಹೊತ್ತೂ ಸುಮ್ಮನಿದ್ದವಳು ಹೇಳಿದಳು: “ಸರ್, ಇದನ್ನು ತುಳುವಿಗೆ ಮಾಡಿದ್ರೆ ಕಷ್ಟ ಆಗ್ತದೆ. ಇವರು ‘ನಾವು’ ಅಂದಾಗೆಲ್ಲ ಅನಿತಾ ಸೇರಿಯಾ, ಬಿಟ್ಟಾ ಅಂತ ನಾನು ಹೇಳ್ಬೇಕಾಗ್ತದೆ.” ತುಳುವಿನಲ್ಲಿ ‘ನಮ’ ಎಂದರೆ ಕೇಳುವವರೂ ಸೇರಿದ ನಾವು, ‘ಎಂಕುಲು’ ಎಂದರೆ ಕೇಳುವವರನ್ನು ಬಿಟ್ಟ ನಾವು. ತೆಲುಗಿನಲ್ಲಿ ‘ಮನಂ’ ಮತ್ತು ‘ಮೇಮು’, ತಮಿಳಿನಲ್ಲಿ ‘ನಾಮ್’ ಮತ್ತು ‘ನಾಂಗಳ್’. ಪಕ್ಕದ ಮರಾಠಿಯಲ್ಲೂ ‘ಆಪಣ’, ‘ಆಮ್ಹಿ’ ಎಂಬ ಭೇದವಿದೆ. ಇಂದಿನ ಕನ್ನಡದಲ್ಲಿ ಇರುವುದು ಒಂದೇ ‘ನಾವು’. “ನಾವು ಊಟಕ್ಕೆ ಹೋಗ್ತಿದ್ದೀವಿ” ಅಂದರೆ ಎದುರಿಗಿರುವವರನ್ನು ಕರೆದಂತೆಯೂ ಆಯಿತು, ಸಾಗಹಾಕಿದಂತೆಯೂ ಆಯಿತು. ಯಾವುದೆಂದು ದನಿಯಿಂದ, ಮುಖದಿಂದ ತಿಳಿಯಬೇಕು.

ಇದು ಬರೀ ವ್ಯಾಕರಣದ ಕುತೂಹಲವಲ್ಲ. ‘ಘಾಚರ್ ಘೋಚರ್’ನ ನಿರೂಪಕ ಮನೆಯ ವಿಷಯ ಹೇಳುವಾಗ ‘ನಾನು’ ಎನ್ನುವುದಕ್ಕಿಂತ ‘ನಾವು’ ಎನ್ನುವುದರಲ್ಲೇ ನಿರಾಳವಾಗಿರುತ್ತಾನೆ. ನಾವು ಹೀಗೆ ಬದುಕುತ್ತಿದ್ದೆವು, ನಮಗೆ ಹೀಗೆ ಅಭ್ಯಾಸ, ನಮ್ಮಲ್ಲಿ ಹೀಗೆ. ಕನ್ನಡದ ಆ ಒಂದೇ ಸರ್ವನಾಮ ಅವನಿಗೆ ಆಶ್ರಯ ಕೊಡುತ್ತದೆ. ಹೆಂಡತಿ ಅದರೊಳಗೆ ಇದ್ದಾಳೋ ಇಲ್ಲವೋ ಎಂದು ಅವನು ಒಮ್ಮೆಯೂ ಬಾಯಿಬಿಟ್ಟು ತೀರ್ಮಾನಿಸಬೇಕಾಗಿಲ್ಲ. ಇಂಗ್ಲಿಷ್ ಅನುವಾದವೂ ಅದೇ ಅನುಕೂಲ ಪಡೆಯುತ್ತದೆ, ಆ ಭಾಷೆಯಲ್ಲೂ ಭೇದವಿಲ್ಲ. ಅನಿತಾಳ ತವರೂರಿನ ತೆಲುಗಿಗೆ ಈ ಕತೆಯನ್ನು ತರುವವರು ಮಾತ್ರ ಕಕ್ಷಿದಾರನ ಹೇಳಿಕೆ ಬರೆದುಕೊಳ್ಳುವ ವಕೀಲರಂತೆ ಪ್ರತಿ ವಾಕ್ಯದಲ್ಲೂ ನಿಂತು ಕೇಳಬೇಕಾಗುತ್ತದೆ: ಯಾರ್ಯಾರು, ಹೇಳಿ. ನಿರೂಪಕ ಉದ್ದಕ್ಕೂ ತಪ್ಪಿಸಿಕೊಳ್ಳುವ ಪ್ರಶ್ನೆ ಅದೇ.

‘ಘಾಚರ್ ಘೋಚರ್’ ಎಂಬ ಪದದ ಪಾಡೂ ಹೀಗೆಯೇ. ಅದು ಅನಿತಾ ಮತ್ತು ಅವಳ ತಮ್ಮ ಬಾಲ್ಯದಲ್ಲಿ ಕಟ್ಟಿಕೊಂಡ, ಯಾವ ಭಾಷೆಗೂ ಸೇರದ ಪದ. ಬಿಡಿಸಲಾಗದಂತೆ ಸಿಕ್ಕುಸಿಕ್ಕಾದದ್ದಕ್ಕೆ ಅವರ ಮನೆಯ ಹೆಸರು. ಮದುವೆಯ ಹೊಸತರಲ್ಲಿ ಗಂಡನ ಮುಂದೆ ಅವಳು ಅದನ್ನು ಆಡುತ್ತಾಳೆ. ತನ್ನ ತವರಿನ ‘ನಾವು’ವಿನೊಳಗೆ ಅವನಿಗೊಂದು ಜಾಗ ಕೊಟ್ಟ ಕ್ಷಣ ಅದು. ಅವನು ಪದವನ್ನು ತೆಗೆದುಕೊಂಡ, ತನ್ನ ಇಡೀ ಕತೆಗೆ ಶೀರ್ಷಿಕೆಯಾಗುವಷ್ಟು ತನ್ನದಾಗಿಸಿಕೊಂಡ. ಬದಲಿಗೆ ತನ್ನ ಮನೆಯಿಂದ ಅವಳಿಗೆ ಏನು ಕೊಟ್ಟ? ಕತೆಯಲ್ಲಿ ಇದಕ್ಕೆ ಉತ್ತರ ಹುಡುಕಿ ನೋಡಿ. ನನಗಂತೂ ಸಿಕ್ಕಿಲ್ಲ.

ಮನೆಯೆಂಬುದು ದಿನವೂ ಹೊಸದಾಗಿ ಕಟ್ಟುವ ವಸ್ತು. ಅದು ಗಂಟೆಗಟ್ಟಲೆ ಕೆಲಸ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ, ತೊಡಗಿದ ಗಂಡಸರು 97 ನಿಮಿಷ. ‘ತೊಡಗಿದ’ ಎಂಬ ಮಾತನ್ನು ಗಮನಿಸಬೇಕು. ಏನೂ ಮಾಡದ ಗಂಡಸರು ಈ ಲೆಕ್ಕಕ್ಕೇ ಸೇರಿಲ್ಲ. ನಮ್ಮ ನಿರೂಪಕ ಆ ಸೇರದವರ ಪ್ರತಿನಿಧಿ. ಅವನ ಕಾಫಿ ಹೌಸಿನ ಬಿಡುವು ವ್ಯಾಪಾರದ ಹಣದಿಂದ ಮಾತ್ರ ಬಂದದ್ದಲ್ಲ. ಚಿಕ್ಕಪ್ಪ ಎಷ್ಟು ಹೊತ್ತಿಗೆ ಬಂದರೂ ಬಿಸಿ ಊಟ ಬಡಿಸುವ, ಅವರ ಮನಸ್ಸಿನ ಹವಾಮಾನ ನೋಡಿ ಮಾತು ಶುರುಮಾಡುವ ಅಮ್ಮನ ದುಡಿಮೆಯಿಂದಲೂ ಬಂದದ್ದು. ಹಳೆಯ ಮನೆಯಲ್ಲೂ ಹೊಸ ಬಂಗಲೆಯಲ್ಲೂ ಆ ದುಡಿಮೆ ಹಾಗೇ ಇದೆ. ಯಾರ ಮರ್ಜಿ ಕಾಯಬೇಕು ಎನ್ನುವುದಷ್ಟೇ ಬದಲಾಗಿದೆ. ಆಗ ಗಳಿಸುತ್ತಿದ್ದವರು ಅಪ್ಪ, ಈಗ ಚಿಕ್ಕಪ್ಪ. ತನ್ನ ಹಣವನ್ನು ವ್ಯಾಪಾರಕ್ಕೆ ಹಾಕಿ ಪಾಲುದಾರನಾಗಿರುವ ಅಪ್ಪ ಉಯಿಲಿನಲ್ಲಿ ಏನು ಬರೆದಾನೋ ಎಂಬ ಭಯಕ್ಕೇ ಅವನಿಗೆ ಒಂದಿಷ್ಟು ಬೆಲೆ ಉಳಿದಿದೆ. ಇಂಥ ಮನೆಯಲ್ಲಿ ಸೊಸೆ ಗಂಡನಿಗೆ “ನೀನು ದುಡಿದು ತಾ” ಎಂದರೆ ಅದು ಸಂಸಾರದ ಸಣ್ಣ ಜಗಳವಲ್ಲ. ಇಡೀ ಏರ್ಪಾಡಿನ ಬುಡಕ್ಕೆ ಕೈಹಾಕಿದಂತೆ.

ಮನೆಯ ‘ನಾವು’ವಿನಿಂದ ಹೊರಗುಳಿದ ಹೆಣ್ಣು ಕನ್ನಡಕ್ಕೆ ಹೊಸಬಳಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಮರಳುತ್ತಾಳೆ. ಆದರೆ ಅವಳ ಪ್ರತಿ ನಗುವನ್ನೂ ಪ್ರತಿ ಮಾತನ್ನೂ ಮನೆ ಅನುಮಾನದಿಂದ ನೋಡುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರ ಅಭಿನಯ ಮನೆಮಾತಾಯಿತು. ಅವಳನ್ನು ಮತ್ತೆ ಕೆಡವಿದ್ದು ದಿನನಿತ್ಯದ ಸಣ್ಣ ಸಣ್ಣ ನೋಟಗಳು ಎನ್ನುವುದು ಅಷ್ಟಾಗಿ ಮಾತಾಗಲಿಲ್ಲ. ವೈದೇಹಿಯವರ ‘ಅಕ್ಕು’ವಿನಲ್ಲಿ ಗಂಡ ಬಿಟ್ಟುಹೋದವಳು ತವರಿನಲ್ಲೇ ಉಳಿದು ಮನೆಯವರ ಬಾಯಲ್ಲಿ ಹುಚ್ಚಿಯಾಗುತ್ತಾಳೆ, ಆ ಹುಚ್ಚಿನ ನೆಪದಲ್ಲೇ ಮನೆಯ ಮುಚ್ಚಿಟ್ಟ ಮಾತುಗಳನ್ನು ಆಡುತ್ತಾಳೆ. ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ಯಲ್ಲಿ ಗಂಡ ಬೇರೆ ಹೆಣ್ಣಿನ ಹಿಂದೆ ಹೋದನೆಂದು ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬಂದರೆ ಅಣ್ಣಂದಿರು ಅವಳನ್ನು ವಾಪಸು ಗಂಡನ ಮನೆಗೇ ಮುಟ್ಟಿಸುತ್ತಾರೆ. ಆ ರಾತ್ರಿ ಅವಳನ್ನು ಉಳಿಸುವುದು ಹಿರಿಯ ಮಗಳು. ದೀಪಾ ಭಾಸ್ತಿ ಅನುವಾದಿಸಿದ ಈ ಕತೆಯ ಹೆಸರನ್ನೇ ಹೊತ್ತ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆಪಟ್ಟ ಎಷ್ಟು ಮನೆಗಳಲ್ಲಿ ಆ ಕತೆಯ ಅಣ್ಣಂದಿರಿದ್ದರೋ.

ಇಂಥ ಬರವಣಿಗೆಯನ್ನು ಒಂದು ಕಾಲದಲ್ಲಿ ನಮ್ಮ ವಿಮರ್ಶೆ ‘ಅಡುಗೆಮನೆ ಸಾಹಿತ್ಯ’ ಎಂದು ಬದಿಗೆ ಸರಿಸಿತ್ತು. ಅದೇ ಅಡುಗೆಮನೆಯ ಒಳರಾಜಕಾರಣವನ್ನು ಗಂಡಸೊಬ್ಬರು ಬರೆದಾಗ ಅದು ಆರ್ಥಿಕ ಬದಲಾವಣೆಯ ರೂಪಕವಾಗಿ ಓದಿಸಿಕೊಂಡಿತು. ಶಾನಭಾಗರ ಕತೆಯ ಮೇಲಿನ ಆಕ್ಷೇಪವಲ್ಲ ಇದು. ನಮ್ಮ ಓದಿನ ಮೇಲಿನದು. ಆದರೂ ಮೇಲಿನ ಮೂರು ಕೃತಿಗಳಿಗೂ ‘ಘಾಚರ್ ಘೋಚರ್’ಗೂ ನಿಜವಾದ ವ್ಯತ್ಯಾಸ ಒಂದಿದೆ. ಕಾವೇರಿ, ಅಕ್ಕು, ಮೆಹರುನ್ ಈ ಮೂವರ ಕತೆಗಳಲ್ಲೂ ಓದುಗನ ಮನಸ್ಸು ನಿಲ್ಲುವುದು ಹೊರಗುಳಿದವಳ ಪಕ್ಕದಲ್ಲಿ. ಅವಳ ನೋವು ನಮ್ಮ ನೋವಾಗುತ್ತದೆ, ನಾವು ಕಣ್ಣೊರೆಸಿಕೊಂಡು ತುಸು ಒಳ್ಳೆಯವರಾಗಿ ಎದ್ದು ಬರುತ್ತೇವೆ. ಶಾನಭಾಗರು ಆ ಅನುಕೂಲ ಕೊಡುವುದಿಲ್ಲ. ಅವರು ನಮ್ಮನ್ನು ಊಟದ ಮೇಜಿನ ಒಳಬದಿಗೆ ಕೂರಿಸುತ್ತಾರೆ. ಚಿಕ್ಕಪ್ಪನ ಹಾಸ್ಯಕ್ಕೆ ನಾವೂ ನಗುತ್ತೇವೆ, ಅಮ್ಮನ ಚುರುಕು ಮಾತು ನಮಗೂ ಹಿಡಿಸುತ್ತದೆ. ಅನಿತಾ ಬಾಯಿ ತೆರೆದಾಗ ಒಂದು ಗಳಿಗೆ ನಮಗೂ ‘ಇವಳದೊಂದು ಈಗ’ ಅನ್ನಿಸುತ್ತದೆ. ಆ ಒಂದು ಗಳಿಗೆಯೇ ಕತೆಯ ಬೆಲೆ. ಕೊನೆಯ ಪುಟದಲ್ಲಿ ಅನುಮಾನ ಹುಟ್ಟಿದಾಗ ಅದು ಆ ಮನೆಯವರ ಮೇಲೆ ಮಾತ್ರ ಹುಟ್ಟುವುದಿಲ್ಲ, ಅಷ್ಟು ಹೊತ್ತು ಅವರ ಜೊತೆ ಕೂತಿದ್ದ ನಮ್ಮ ಮೇಲೂ ಹುಟ್ಟುತ್ತದೆ.

ಕೃತಿಯ ಬಗ್ಗೆ ನನಗೊಂದು ತಕರಾರೂ ಇದೆ. ಈ ಮನೆಯಲ್ಲಿ ಕಣ್ಣಿಗೆ ಕಾಣುವ ಹಿಂಸೆಯನ್ನೆಲ್ಲ ಮಾಡುವವರು ಹೆಂಗಸರು. ಬೈಯುವವರು ಅಮ್ಮ ಮತ್ತು ಮಾಲತಿ, ಸಾರು ಚೆಲ್ಲುವವರು ಅವರು, ಸೊಸೆಯನ್ನು ಕುಟುಕುವವರು ಅವರು. ಚಿಕ್ಕಪ್ಪ ಮೃದುಭಾಷಿ, ಅಪ್ಪ ಮೌನಿ, ಮಗ ನಿಷ್ಪಾಪಿಯಂತೆ ಕಾಣುವ ಸೋಮಾರಿ. ಅತ್ತೆ ನಾದಿನಿಯರ ಕಾಟ ಎಂಬ ಹಳೆಯ ಅಚ್ಚಿಗೆ ಕತೆ ಇಲ್ಲಿ ಅಪಾಯಕರವಾಗಿ ಹತ್ತಿರ ಬರುತ್ತದೆ. ಬಾಗಿಲಿನ ಜಗಳದ ಫಲ ಉಣ್ಣುವವನು ಒಳಗೆ ಕೂತ ಚಿಕ್ಕಪ್ಪ ಎಂದು ಎಚ್ಚರದ ಓದುಗನಿಗೆ ತಿಳಿಯುತ್ತದೆ, ನಿಜ. ಗಂಡನನ್ನು ಬಿಟ್ಟು ಬಂದ ಮಾಲತಿಗೆ ತವರಿನ ಬಾಗಿಲು ತೆರೆಯುವುದೂ ಮೆಹರುನ್ ಪಾಡನ್ನು ನೆನೆದರೆ ದೊಡ್ಡ ಮಾತೇ. ಆದರೆ ಒಡವೆ ವಾಪಸು ತರಲು ಹೋದಾಗ ಅವಳ ಬೆನ್ನಿಗಿದ್ದದ್ದು ಮನೆಯ ಪ್ರೀತಿಯಲ್ಲ, ಚಿಕ್ಕಪ್ಪನ ಹಣದ ತೋಳ್ಬಲ. ಹೀಗಿದ್ದೂ ಮಾಲತಿಯ ಅಥವಾ ಅಮ್ಮನ ಭಯ ಏನು, ಅವರು ಯಾಕೆ ಇಷ್ಟು ಉಗ್ರವಾಗಿ ಬಾಗಿಲು ಕಾಯುತ್ತಾರೆ ಎನ್ನುವ ಕಡೆಗೆ ಕತೆ ಅರೆಬರೆ ನೋಟವನ್ನಷ್ಟೇ ಹಾಯಿಸುತ್ತದೆ. ಅದು ನಿರೂಪಕನ ದೃಷ್ಟಿಯ ಮಿತಿ ಎಂದು ಸಮರ್ಥಿಸಬಹುದು. ಇಂಥ ನಿರೂಪಕನಿಗೆ ಅಮ್ಮನ ಒಳಗು ಕಾಣುವುದು ಹೇಗೆ? ಆದರೂ ವೈದೇಹಿಯವರ ಕತೆಗಳಲ್ಲಿ ಕಠಿಣ ಹೆಂಗಸರಿಗೂ ಒಂದು ಹಿನ್ನೆಲೆಯ ನಿಟ್ಟುಸಿರು ಇರುವುದನ್ನು ಓದಿದವರಿಗೆ ಇಲ್ಲಿ ಏನೋ ಕಡಿಮೆಯಾದಂತೆ ಅನ್ನಿಸದಿರದು.

ಆ ಶನಿವಾರದ ಓದು ಮುಗಿದ ಮೇಲೆ ನನ್ನದೇ ಮನೆಯ ಒಂದು ಸಂಗತಿ ಕಾಡತೊಡಗಿತು. ನಮ್ಮದೊಂದು ವಾಟ್ಸಾಪ್ ಗುಂಪಿದೆ, ಹೆಸರು ‘ನಮ್ಮನೆ’. ಅಮ್ಮ, ಅಣ್ಣ, ಅಕ್ಕ, ನಾನು. ಹಬ್ಬದ ಲೆಕ್ಕ, ಅಮ್ಮನ ಮಾತ್ರೆ, ಊರಿನ ತೋಟದ ಕೂಲಿ ಎಲ್ಲ ಅಲ್ಲೇ. ಒಂದು ಸಲ ಅಮ್ಮನಿಗೆ ಹುಷಾರಿಲ್ಲದಾಗ ರಾತ್ರಿಯಿಡೀ ಅವರ ಪಕ್ಕ ಕೂತವರು ಅತ್ತಿಗೆ. ಬೆಳಿಗ್ಗೆ ನಾನು ಫೋನ್ ಮಾಡಿ, “ಗುಂಪಿನಲ್ಲಿ ಹಾಕಬಾರದಿತ್ತಾ ಅತ್ತಿಗೆ, ನಾವೆಲ್ಲ ಗಾಬರಿಯಾಗಿದ್ವಿ” ಅಂದೆ. ಅವರು ಬಹಳ ಸಮಾಧಾನದಿಂದ, “ನಾನು ಅದರಲ್ಲಿಲ್ವಲ್ಲ” ಅಂದರು. ಮದುವೆಯಾಗಿ ಆರು ವರ್ಷವಾಗಿತ್ತು. ಅವರನ್ನು ಬಿಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ಸೇರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಅದೇ ದಿನ ಸೇರಿಸಿದೆವು. ಅವರು ಈವರೆಗೆ ಅಲ್ಲಿ ಹೆಚ್ಚೇನೂ ಬರೆದಿಲ್ಲ, ಬರೆಯಬೇಕೆಂದು ಒತ್ತಾಯಿಸುವ ಮುಖವೂ ನಮಗಿಲ್ಲ. ನನ್ನ ಹೆಂಡತಿಯನ್ನು ಸೇರಿಸಿದ್ದೂ ಆ ದಿನವೇ.

ನಮ್ಮ ಮನೆಯಲ್ಲಿ ಯಾರೂ ಸಾರು ಚೆಲ್ಲಿಲ್ಲ, ಯಾರ ಬೆನ್ನಿಗೂ ರೌಡಿಗಳಿಲ್ಲ. ನಾವು ಒಳ್ಳೆಯ ಜನ ಎಂದೇ ಊರಲ್ಲಿ ಹೆಸರು. ‘ಘಾಚರ್ ಘೋಚರ್’ ಓದುವ ಮುನ್ನ ನಾನೂ ಹಾಗೇ ಅಂದುಕೊಂಡಿದ್ದೆ. ಆ ಕತೆಯ ಮನೆಗೂ ನಮ್ಮದಕ್ಕೂ ಬಹಳ ದೂರವಿದೆ, ಒಪ್ಪುತ್ತೇನೆ. ಆದರೆ ಅದು ರಸ್ತೆಯ ದೂರ; ರಸ್ತೆ ಒಂದೇ. ಕೇಳದೆ ಇರುವುದು ಅಭ್ಯಾಸವಾದ ಮನೆಯಲ್ಲಿ ಯಾವತ್ತು ಯಾವುದನ್ನು ಕೇಳದೆ ಉಳಿಯುತ್ತೇವೆ ಎನ್ನುವುದು ಸಂದರ್ಭದ ಪ್ರಶ್ನೆ ಮಾತ್ರ.

ಕೊನೆಯ ಶನಿವಾರ ಆ ಮೊದಲ ಹುಡುಗನನ್ನು ಮತ್ತೆ ಕೇಳಿದೆ: “ಈಗ ಹೇಳು, ಇದರಲ್ಲಿ ಕತೆ ಎಲ್ಲಿದೆ?” ಅವನು ಸ್ವಲ್ಪ ಹೊತ್ತು ಪುಸ್ತಕದ ಮೂಲೆ ಮಡಚುತ್ತಾ ಕೂತ. ಆಮೇಲೆ, “ಗೊತ್ತಿಲ್ಲ ಸರ್. ಆದ್ರೆ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ನಮ್ ಜೊತೆ ಕೂತಿಲ್ಲ ಅಂತ ಮೊದಲನೇ ಸಲ ಕಾಣಿಸ್ತು” ಅಂದ. ತುಳು ಹುಡುಗಿ ಅವನತ್ತ ತಿರುಗಿ ಕೇಳಿದಳು: “ಕಾಣಿಸಿದ ಮೇಲೆ ಏನು ಮಾಡಿದೆ?”

ಅವನು ಉತ್ತರ ಕೊಡಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಪ್ರಶ್ನೆ ಅವನಿಗೆ ಮಾತ್ರ ಕೇಳಿದ್ದಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.